ಹೂವಿನಂಗಡಿಯ ಮೂಲೆ

"ಅಲ್ಲಾಡಬ್ಯಾಡ್ರಿ!"

ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ ಗಂಡುದನಿಯೊಂದು ಗದರಿತು. ಹಂಪಮ್ಮನ ಮೈ ಉರಿದುಹೋಯಿತು.

"ನಾನೆಲ್ಲಿ ಅಲ್ಲಾಡಿದೆ? ಗಾಳಿ ಬೀಸಿದ್ರ ನಾನೇನ್ ಮಾಡ್ಲಿ?"

ಕಂಪ್ಲಿಯ ಫೋಟೋಗ್ರಾಫರ್ ಜಡೆಪ್ಪ ಬಟ್ಟೆ ಸರಿಸಿ ತಲೆ ಹೊರಹಾಕಿದ. ಬೈಯಲೆಂದು ಬಾಯಿ ತೆರೆದವನು, ಅವಳನ್ನು ನೋಡಿ ಬೈಗುಳವನ್ನೇ ಮರೆತ!

ಹೊಸಪೇಟೆಯ ಆ ಮನೆಯ ಮಾಳಿಗೆಯಿಂದ ಅಂಗಳದವರೆಗೆ ದೊಡ್ಡದೊಂದು ಬಟ್ಟೆ ಇಳಿಬಿದ್ದಿತ್ತು. ಅದರ ಮೇಲೆ ಹಂಪಮ್ಮನ ಅಪ್ಪ ಮರುಳಸಿದ್ದಪ್ಪ ಇಡೀ ಹಂಪಿ ಬಜಾರನ್ನು ಮಸಿಯಲ್ಲಿ ಬರೆದಿದ್ದರು. ಹರಕೆಯ ಪ್ರಕಾರ ಸಂಜೆಗೆ ಅದು ಮಠಕ್ಕೆ ಹೊರಡಬೇಕು. ಅಲ್ಲಿ ಅದನ್ನು ತೂಗುಹಾಕುವುದು ಹೆಂಗಸರು ಕಾಲಿಡದ ಒಳಕೋಣೆಯಲ್ಲಿ. ಮನೆಗೆ ಉಳಿಯುವುದು ಫೋಟೋ ಮಾತ್ರ. ಅಷ್ಟು ದೊಡ್ಡ ಚಿತ್ರ ಒಂದೇ ಫೋಟೋದಲ್ಲಿ ಹಿಡಿಯದೆಂದು ಜಡೆಪ್ಪ ಫೋಟೋ ಮೂಡುವ ನಾಲ್ಕು ಗಾಜಿನ ಪ್ಲೇಟು ತಂದಿದ್ದ.

ಕೆಳಗಿನ ಬಲಮೂಲೆಯನ್ನು ಹಂಪಮ್ಮ ಯಾರಿಗೂ ಬಿಟ್ಟುಕೊಡದೆ ತಾನೇ ಹಿಡಿದು ನಿಂತಿದ್ದಳು. ಅಲ್ಲೊಂದು ಹೂವಿನಂಗಡಿ, ಅದರ ಮುಂದೆ ಹೂ ಕಟ್ಟುತ್ತ ಕೂತ ಹೆಂಗಸು. ಅದು ಅವಳ ಅವ್ವ ಚೆನ್ನಬಸಮ್ಮ. ತೀರಿಹೋದ ಅವ್ವನ ಮುಖ ಈ ಲೋಕದಲ್ಲಿ ಉಳಿದಿದ್ದು ಅಲ್ಲಿ ಮಾತ್ರ!

"ಇದ ಕೊನೇ ಪ್ಲೇಟ್ರಿ," ಎಂದ ಜಡೆಪ್ಪ ಮೆತ್ತಗೆ. "ಬಟ್ಟಿ ಹಿಂದ ಮರಿಯಾಗಿ ಗಟ್ಟಿ ಹಿಡ್ಕೊಳ್ರಿ."

"ನಮ್ಮವ್ವನ ಮುಖ ಚಲೋ ಬರ್ತದಲ್ರಿ?"

"ಅದು ನನ್ನ ಜವಾಬ್ದಾರಿ."

ಅಷ್ಟರಲ್ಲಿ ಬೀಸಿತು ನೋಡಿ, ಸುಂಟರಗಾಳಿ! ಬಟ್ಟೆ ಪಟಪಟನೆ ಎದ್ದಿತು. ಹಂಪಮ್ಮ ಬಟ್ಟೆಯ ಹಿಂದಿನಿಂದ ಮುಂದಕ್ಕೆ ಓಡಿಬಂದು ಎರಡೂ ಕೈಯಿಂದ ಆ ಮೂಲೆಯನ್ನು ಗೋಡೆಗೆ ಒತ್ತಿ ಹಿಡಿದಳು. ಆ ಗಾಬರಿಯಲ್ಲಿ ಅವಳಿಗೆ ಬೇರೇನೂ ತೋಚಲಿಲ್ಲ. ಜಡೆಪ್ಪ ಅವಸರದಲ್ಲಿ ಕ್ಯಾಮೆರಾದ ಮುಚ್ಚಳ ತೆಗೆದು, ಫೋಟೋ ಹಿಡಿದು, ಮತ್ತೆ ಮುಚ್ಚಿದ.

ಸಂಜೆ ಬಟ್ಟೆ ಗಾಡಿ ಏರಿ ಮಠಕ್ಕೆ ಹೋಯಿತು. ಕೆಲವು ದಿನ ಕಳೆದು ಜಡೆಪ್ಪ ಫೋಟೋ ತಂದ. ಹಂಪಮ್ಮ ಮತ್ತೆ ಮತ್ತೆ ತಿರುವಿದಳು... ಇದ್ದದ್ದು ಮೂರೇ.

"ಹೂವಿನಂಗಡೀದು?"

ಅವನು ನೆಲ ನೋಡಿದ. "ಅದು... ಪ್ಲೇಟು ಒಡೀತ್ರಿ."

"ಜವಾಬ್ದಾರಿ ಅಂದಿದ್ರಲ್ರಿ!" ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಇನ್ನೊಮ್ಮಿ ಈ ಹೊಸ್ತಿಲು ತುಳೀಬ್ಯಾಡ್ರಿ!"

ಅಂದಿನಿಂದ ಹಂಪಮ್ಮನಿಗೆ ಒಂದೇ ಭಯ. ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಅವ್ವನ ಮುಖ ನೆನಪು ಮಾಡಿಕೊಳ್ಳುತ್ತಿದ್ದಳು. ಮೂಗು ಸಿಗುತ್ತಿತ್ತು, ಹಣೆ ಸಿಗುತ್ತಿತ್ತು. ಕಣ್ಣು? ಅಯ್ಯೋ, ಕಣ್ಣು ಹೇಗಿದ್ದವು?

ಜೊತೆಗೆ ಇನ್ನೊಂದು ಸಂಕಟ. 'ಆ ಮನುಷ್ಯನ್ನ ನೆನೆದ್ರ ಸಿಟ್ಟು ಬರಬೇಕು. ಅಳು ಯಾಕ ಬರ್ತದ?' ಯಾಕೆಂದು ಅವಳಿಗೂ ಗೊತ್ತಿತ್ತು. ಒಪ್ಪಿಕೊಳ್ಳಬೇಕಲ್ಲ!

ಒಂದು ಮಧ್ಯಾಹ್ನ ಜಡೆಪ್ಪ ಬಂದ. ಅವಳು ಹೇಳಿದ್ದ ಮಾತಿಗೆ ಮರ್ಯಾದೆ ಕೊಟ್ಟು ಹೊಸ್ತಿಲ ಹೊರಗೇ ನಿಂತ.

"ಪ್ಲೇಟು ಒಡದಿಲ್ರಿ. ನಾ ಸುಳ್ಳು ಹೇಳಿದೆ."

ಚಾಚಿದ ಅವನ ಕೈಯಲ್ಲಿ ಫೋಟೋ. ಹಂಪಮ್ಮ ಕಸಿದುಕೊಂಡಳು. ಅವ್ವ ಹೂ ಕಟ್ಟುತ್ತಿದ್ದಳು... ಪಕ್ಕದಲ್ಲೇ, ಅವ್ವನ ಭುಜಕ್ಕೆ ಒರಗಿದಂತೆ, ಗಾಬರಿಗಣ್ಣಿನ ತಾನು!

ಅದೇ ಕಣ್ಣು. ಅವ್ವನದೇ ಕಣ್ಣು! ಹುಡುಕಿ ಹುಡುಕಿ ಸೋತಿದ್ದು ತನ್ನ ಮುಖದಲ್ಲೇ ಇತ್ತು. ಹಂಪಮ್ಮ ಬಿಕ್ಕಿ ಬಿಕ್ಕಿ ಅತ್ತಳು.

"ಯಾಕ ಬಚ್ಚಿಟ್ರಿ?"

"ಲಗ್ನ ಆಗದ ಹುಡುಗಿ ಫೋಟೋ ಗಂಡಿನ ಮನಿ ಬಿಟ್ರ ಬ್ಯಾರೆ ಗಂಡಸ್ರ ಕೈಗೆ ಹೋಗಬಾರ್ದು ಅಂತಾರಲ್ರಿ. ನಾ ತೆಗದೀನಿ ಅಂದ್ರ ಊರ ಬಾಯಿ ಮುಚ್ಚೋರು ಯಾರು? ಒಡದು ಹಾಕಬೇಕಂತ ಪ್ಲೇಟು ಎತ್ತಿದೆ... ಕೈ ಬರಲಿಲ್ಲ. ದಿನಾ ಬೆಳಕಿಗೆ ಹಿಡದು ನೋಡಿದೆ. ನಿಮ್ಮನ್ನ ನೋಡಿದೆ. ಅದು ಭಾಳ ತಪ್ಪು." ಅವನು ಬಟ್ಟೆಯಲ್ಲಿ ಸುತ್ತಿದ ಗಾಜನ್ನು ಮುಂದೆ ಹಿಡಿದ. "ತಗೊಳ್ರಿ. ನೀವ ಒಡದುಬಿಡ್ರಿ."

"ನಮ್ಮವ್ವ ಇರೋ ಪ್ಲೇಟು ಒಡೀಲೇನು?"

"ಹಂಗಾದ್ರ ಎಲ್ಲಿಡೂದ್ರಿ?"

ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಿವಿ ಬಿಸಿಯಾದವು.

"ಗಂಡಿನ ಮನ್ಯಾಗ ಇರಬೌದು ಅಂದ್ರಲ್ರಿ... ಮತ್ತ ಕಂಪ್ಲಿಗೆ, ನಿಮ್ಮ ಮನೀಗೇ ಒಯ್ರಿ."

ಜಡೆಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಗಾಜು ಕೈಜಾರುವುದರಲ್ಲಿತ್ತು!

"ಹೊಸ್ತಿಲು ತುಳೀಲೇನ್ರಿ?"

"ಪ್ಲೇಟು ಗಟ್ಟಿ ಹಿಡ್ಕೊಂಡು ಬರ್ರಿ," ಎಂದಳು ಅವಳು. "ಅಪ್ಪ ಒಳಗದಾರ."