ಬಾನಿಯಲ್ಲಿ ಏರಿದ ನೀರು

೨೦೦೩ರ ಏಪ್ರಿಲ್ ೨೧, ಸೋಮವಾರ. ಬೆಳಗ್ಗೆ ಕಲ್ಲುಕಟ್ಟೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೆಬಲ್ ಶಿವಯ್ಯ ಎರಡು ಸಲ ಕೇಳಿಸಿಕೊಂಡರು. ಏನನ್ನೂ ಬರೆದುಕೊಳ್ಳದೆ ಪೆನ್ನಿಗೆ ಮುಚ್ಚಳ ಹಾಕಿ ಸಾಹೇಬರ ಕೋಣೆಗೆ ಹೋದರು.

“ಸಾರ್, ಕಳ್ಳತನ ಅಲ್ಲ. ಅದರ ಉಲ್ಟಾ.”

ಸಬ್ ಇನ್ಸ್‌ಪೆಕ್ಟರ್ ದೇವೀರಪ್ಪ ದೂರುದಾರರನ್ನು ಕರೆಸಿದರು. ಊರ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಹೇಮಾಶ್ರೀ ಬಂದು ಕುಳಿತರು.

“ಏನು ಹೋಗಿದೆ?”

“ಏನೂ ಹೋಗಿಲ್ಲ ಸಾರ್. ನೀರು ಜಾಸ್ತಿಯಾಗಿದೆ.”

“ಈ ಊರಲ್ಲಾ?”

ಹಗರೆಯಿಂದ ಹಳೇಬೀಡಿನವರೆಗೂ ಜನ ಕೊಡ ಹಿಡಿದು ಜಗಳವಾಡುತ್ತಿದ್ದ ಬೇಸಿಗೆ ಅದು. ದೇವೀರಪ್ಪ ನೆಟ್ಟಗೆ ಕುಳಿತರು.

ವಿಷಯ ಹೀಗಿತ್ತು. ಬೇಸಿಗೆ ರಜೆಯಲ್ಲಿ ಸಂಶೋಧನೆ ಮಾಡುವ ಶಿಕ್ಷಕರಿಗೆ ಬೆಂಗಳೂರಿನ ಒಂದು ಟ್ರಸ್ಟು ಹಣ ಕೊಡುತ್ತಿತ್ತು. ಇಡೀ ಬೇಲೂರು ತಾಲ್ಲೂಕಿನಲ್ಲಿ ಅದು ಸಿಕ್ಕಿದ್ದು ಹೇಮಾಶ್ರೀ ಅವರಿಗೆ ಮಾತ್ರ. ನಮ್ಮ ಕೆರೆಗಳ ನೀರಿನಲ್ಲಿ ಬಿಸಿಲಿಗೆ ಆರಿಹೋಗುವುದೆಷ್ಟು ಎಂದು ಕಂಡುಹಿಡಿಯುವುದು ಅವರ ಕೆಲಸ. ಅದಕ್ಕಾಗಿ ಶಾಲೆಯ ಬಯಲಲ್ಲಿ ಅಗಲವಾದ ತಗಡಿನ ಬಾನಿ ಇಟ್ಟು, ನೀರು ತುಂಬಿಸಿ, ಹಕ್ಕಿಗಳು ಕುಡಿಯದಂತೆ ಜಾಲರಿ ಹೊದಿಸಿ, ನೀರು ಎಷ್ಟು ಇಳಿಯಿತೆಂದು ದಿನಾ ಬೆಳಗ್ಗೆ ಅಳೆಯುತ್ತಿದ್ದರು. ರಾಮನವಮಿಯ ಮಾರನೆಯ ದಿನದಿಂದ ನೀರು ಇಳಿಯುವುದನ್ನು ಬಿಟ್ಟು ಏರತೊಡಗಿತ್ತು.

“ಶುಕ್ರವಾರ ಬೆಂಗಳೂರಿನಿಂದ ಪರಿಶೀಲನೆಗೆ ಬರ್ತಾರೆ ಸಾರ್. ಏಪ್ರಿಲ್ ಬಿಸಿಲಲ್ಲಿ ನೀರು ಏರಿತು ಅಂದ್ರೆ, ಟೀಚರ್ ಮನೇಲಿ ಕೂತು ಸುಳ್ಳು ಬರೆದಿದ್ದಾಳೆ ಅಂತಾರೆ. ಹಣ ನಿಲ್ಲುತ್ತೆ, ಬಾನೀನೂ ವಾಪಸ್ ಹೋಗುತ್ತೆ. ನಾನು ಪಾಠ ಶುರು ಮಾಡಿ ಹನ್ನೆರಡು ವರ್ಷ ಆಯ್ತು. ನನ್ನ ಕೈಯಾರೆ ಮಾಡ್ತಿರೋ ಮೊದಲನೇ ಪ್ರಯೋಗ ಇದು.”

ದೇವೀರಪ್ಪನವರು ಶಿವಯ್ಯನತ್ತ ತಿರುಗಿದರು. “ಯಾವ ಕಲಂ ಹಾಕೋಣ?”

“ತಗೊಂಡು ಹೋದ್ರೆ ಕಲಂ ಐತೆ ಸಾರ್. ಕೊಟ್ಟು ಹೋದ್ರೆ ಇಲ್ಲ.”

ಕೊನೆಗೆ ಶಾಲೆಯ ಆವರಣಕ್ಕೆ ಅತಿಕ್ರಮ ಪ್ರವೇಶ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಜಾಲರಿಯ ಒಂದು ಮೂಲೆ ಎತ್ತಿ ಮಡಚಿತ್ತು. ಅಲ್ಲೊಂದು ಕಾಗೆ ಪುಕ್ಕ. ಪಕ್ಕದ ಮಣ್ಣಿನಲ್ಲಿ ಕೊಡ ಊರಿದ ದುಂಡನೆಯ ಗುರುತು. ಪಂಚರಾಗಿ ಬಂದ ಇಬ್ಬರೂ “ಕಳವಾದ ಮಾಲು ಯಾವುದು?” ಎಂದು ಕೇಳಿದರು, ಉತ್ತರ ಕೇಳಿ ಮುಖ ಮುಖ ನೋಡಿಕೊಂಡರು, ಆಮೇಲೆ ಸಹಿ ಹಾಕಿದರು.

ಮೊದಲ ಗುಮಾನಿ ಗಣಿತದ ಮೇಷ್ಟ್ರು ಕುಮಾರ ಅವರ ಮೇಲೆ. ಅದೇ ಹಣಕ್ಕೆ ಅವರೂ ಅರ್ಜಿ ಹಾಕಿದ್ದರು, ಸಿಕ್ಕಿರಲಿಲ್ಲ.

“ಹೊಟ್ಟೆಕಿಚ್ಚು ಇತ್ತಾ?”

“ಇತ್ತು ಸಾರ್. ಈಗಲೂ ಐತೆ.”

“ನೀರು ಹುಯ್ದ್ರಾ?”

“ನಾನು ಸ್ನಾನ ಮಾಡಿ ಮೂರು ದಿನ ಆಯ್ತು. ಇನ್ನೊಬ್ಬರ ಬಾನಿಗೆ ಎಲ್ಲಿಂದ ತಂದು ಹುಯ್ಯಲಿ?”

ಆ ಮಾತು ದೇವೀರಪ್ಪನವರ ತಲೆಗೆ ಹೊಕ್ಕಿತು. ದಿನಾ ಒಂದು ಕೊಡ ನೀರು ಚೆಲ್ಲುವಷ್ಟು ಸಿರಿವಂತರು ಈ ಊರಲ್ಲಿ ಯಾರು? ಮಂಗಳವಾರವಿಡೀ ಶಿವಯ್ಯ ಬೀದಿ ಬೀದಿ ಸುತ್ತಿದರು. ಸಂಜೆ ವರದಿ ಒಪ್ಪಿಸುವಾಗ ಅವರ ಕಣ್ಣು ಚಾವಣಿಯ ಮೇಲಿತ್ತು.

“ಎಲ್ಲಾ ಬೋರೂ ನಿಂತವೆ ಸಾರ್. ಒಂದರಲ್ಲಿ ಮಾತ್ರ ನೀರು ಐತೆ.”

“ಯಾರದ್ದು?”

“ನಮ್ಮ ಕ್ವಾರ್ಟರ್ಸ್‌ದು ಸಾರ್. ಈ ಕೇಸು ಇಲ್ಲಿಗೇ ಬಿಟ್ಬಿಡಾಣ.”

“ಪೊಲೀಸರ ಮನೆಯವರಾದ್ರೆ ಬಿಡಬೇಕೇನ್ರೀ? ನಾಳೆ ಕಾಯೋಣ,” ಎಂದು ದೇವೀರಪ್ಪ ಗದರಿದರು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಅಡಗಿ ಕುಳಿತರು. ಬಯಲಿಗೆ ಬಯಲೇ ಕಾದಿತ್ತು. ತುಸು ಹೊತ್ತಿಗೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಕಂಕುಳಲ್ಲಿ ಕೊಡ ಇಟ್ಟುಕೊಂಡ ಮುದುಕಿಯೊಬ್ಬಳು ಗೇಟು ದೂಡಿ ಬಂದಳು. ಜಾಲರಿ ಎತ್ತಿದಳು. ನೀರು ಸುರಿದಳು.

“ಸಾರ್, ನಾನು ಆ ಕಡೆ ತಿರುಕ್ಕೊಳ್ಳಲಾ?” ಎಂದು ಶಿವಯ್ಯ ಪಿಸುಗುಟ್ಟಿದರು.

ದೇವೀರಪ್ಪ ಎದ್ದು ಹೋದರು. “ಏನವ್ವಾ ಇದು?”

“ನೀರು ಕಣಪ್ಪ,” ಎಂದಳು ಅವರ ತಾಯಿ ಮುದ್ದಮ್ಮ.

“ಯಾರ ಬಾನಿ, ಯಾಕೆ ಇಟ್ಟವ್ರೆ ಅಂತ ಕೇಳಿದ್ಯಾ?”

“ಬ್ಯಾಸ್ಗೇಲಿ ಬಾನಿ ಮಡಗಿದ್ರೆ ಯಾಕೆ ಅಂತ ಕೇಳ್ತಾರೇನ್ಲಾ? ಒಣಗ್ತಿತ್ತು, ಹುಯ್ದೆ. ಮ್ಯಾಲೆ ಜಾಲರಿ ಬೇರೆ, ಕಾಗೆ ಗುಬ್ಬಿಗೂ ಸಿಗದಂಗೆ. ಓದಿದೋರಿಗೆ ಅಷ್ಟೂ ಗೊತ್ತಾಗಾಕಿಲ್ವಾ?”

ಬಂಧನವೆಂದರೆ ಮಹಿಳಾ ಪೇದೆ ಬೇಕು, ಆ ಠಾಣೆಯಲ್ಲಿ ಇರಲಿಲ್ಲ. “ನಡೀ, ನಾನೇ ಬತ್ತೀನಿ,” ಎಂದು ಮುದ್ದಮ್ಮ ಖಾಲಿ ಕೊಡವನ್ನು ಮಗನ ಕೈಗೆ ಕೊಟ್ಟು ಮುಂದೆ ನಡೆದಳು. ಸಬ್ ಇನ್ಸ್‌ಪೆಕ್ಟರ್ ಸಮವಸ್ತ್ರದಲ್ಲಿ ಕೊಡ ಹೊತ್ತು ಆರೋಪಿಯ ಹಿಂದೆ ಹೋಗುವುದನ್ನು ಊರೆಲ್ಲ ಕಣ್ತುಂಬ ನೋಡಿತು.

ಠಾಣೆಯಲ್ಲಿ ಶಿವಯ್ಯ ಕಾಗದ ತೆಗೆದರು. “ಆರೋಪಿ ಅಪರಿಚಿತರು, ಪತ್ತೆಯಾಗಲಿಲ್ಲ ಅಂತ ಬರೀಲಾ ಸಾರ್?”

ಸುದ್ದಿ ತಿಳಿದು ಓಡಿಬಂದಿದ್ದ ಹೇಮಾಶ್ರೀ ಬಾಗಿಲಲ್ಲೇ ನಿಂತಿದ್ದರು. ಅಪರಿಚಿತರು ಎಂದರೆ ಟ್ರಸ್ಟಿನವರು ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ, “ಹಾಗೇ ಬರೀರಿ ಸಾರ್. ಅಮ್ಮನ ಹೆಸರು ಬೇಡ,” ಎಂದರು. ಹೇಳುವಾಗ ನೆಲ ನೋಡುತ್ತಿದ್ದರು.

ದೇವೀರಪ್ಪ ತಾಯಿಯತ್ತ ತಿರುಗಿದರು. “ಯಾಕವ್ವಾ ಹಿಂಗೆ ಮಾಡ್ದೆ?”

“ಹಾರನಹಳ್ಳೀಲಿ ನಿಮ್ಮಪ್ಪ ಇರೋಗಂಟ ಪ್ರತಿ ಬ್ಯಾಸ್ಗೆ ಅರವಟ್ಟಿಗೆ ಇಟ್ಟಿದ್ವಿ. ದಾರಿ ಮ್ಯಾಲಿನೋರೆಲ್ಲ ಕುಡೀತಿದ್ರು. ರಾಮನವಮಿ ದಿನ ಠಾಣೆ ಮುಂದೆ ಎರಡು ಗಡಿಗೆ ಮಡಗ್ತೀನಿ ಅಂದೆ. ಠಾಣೆ ಅಂದ್ರೆ ಜನ ಹೆದರಬೇಕು, ನೀರು ಕುಡಿಯಾಕೆ ಬರಬಾರ್ದು ಅಂದೆ ನೀನು. ಬೋರಲ್ಲಿ ನೀರು ಇಟ್ಕೊಂಡು ಸುಮ್ಕೆ ಹೆಂಗೆ ಕೂರಾದು? ಒಂದು ಬಾನಿ ಸಿಕ್ತು.”

ದೇವೀರಪ್ಪನವರಿಗೆ ನಾಚಿಕೆಯಾಯಿತು. ಶಿವಯ್ಯನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದರು: ಆರೋಪಿ ಮುದ್ದಮ್ಮ, ತನಿಖಾಧಿಕಾರಿಯ ತಾಯಿ. ರಾಮನವಮಿಯ ಮಾರನೆಯ ದಿನದಿಂದ ಬಾನಿಗೆ ದಿನಾ ನೀರು ಹುಯ್ದಿರುವುದಾಗಿ ಒಪ್ಪಿರುತ್ತಾರೆ. ಕಾರಣ, ಮಗ ಅರವಟ್ಟಿಗೆ ಇಡಲು ಬಿಡಲಿಲ್ಲ.

ಜಾಮೀನಿಗೆ ಹೇಮಾಶ್ರೀ ಸಹಿ ಹಾಕಿದರು.

ಶುಕ್ರವಾರ ಬಂದ ವಿಜ್ಞಾನಿ ಮುದ್ದಮ್ಮನ ಹೇಳಿಕೆಯ ನಕಲನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸುವವರೆಗೆ ನಕ್ಕರು. ತಪ್ಪಿಗೆ ಇಷ್ಟು ಪಕ್ಕಾ ಪುರಾವೆ ಯಾವ ಪ್ರಯೋಗದಲ್ಲೂ ಕಂಡಿಲ್ಲವೆಂದರು. ನೀರು ಏರಿದ ದಿನಗಳನ್ನೆಲ್ಲ ಕೈಬಿಟ್ಟು ಹೊಸದಾಗಿ ಅಳೆಯಲು ಹೇಳಿದರು. ಹಣವೂ ಉಳಿಯಿತು, ಬಾನಿಯೂ ಉಳಿಯಿತು.

ಶನಿವಾರ ಬೆಳಗ್ಗೆ ಠಾಣೆಯ ಗೇಟಿನ ಪಕ್ಕ, ಹುಣಸೆ ಮರದ ನೆರಳಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಎರಡು ಗಡಿಗೆಗಳಿದ್ದವು. ಮುದ್ದಮ್ಮ ಚೊಂಬು ಹಿಡಿದು ಕೂತಿದ್ದಳು. ಅಂದು ಮೊದಲು ಬಂದವನು ದೂರೇನೂ ಕೊಡಲಿಲ್ಲ. ನೀರು ಕುಡಿದು, ಒಳಗಿದ್ದ ಸಾಹೇಬರಿಗೂ ಕೈ ಮುಗಿದು ಹೋದ.