ತಳದಲ್ಲಿ ಉಳಿದ ಹಿಡಿ ಹಿಟ್ಟು

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಶೀತಲ ಅಕ್ಕಲಕೋಟದ ಠಾಣೆಗೆ ಬಂದು ದೂರು ಕೊಟ್ಟಳು. ಸ್ವಾಮಿಗಳ ದರ್ಶನಕ್ಕೆ ಊರೆಲ್ಲ ಗಿಜಿಗುಡುವ ವಾರವದು. ಠಾಣೆಯಲ್ಲಿ ಯಾರಿಗೂ ಚಹಾ ಕುಡಿಯುವಷ್ಟು ಪುರುಸೊತ್ತಿರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಕಾಂತೇಶ ಕೈಯಲ್ಲಿದ್ದ ಕಾಗದ ಬದಿಗಿಟ್ಟು ಕೇಳಿಸಿಕೊಂಡ.

ಶೀತಲಳ ಗಂಡನ ಮನೆತನ ಹಳೆಯ ಕಾಳುಕಡಿಯ ಅಡತಿ ವ್ಯಾಪಾರದವರದು. ಅವರ ನೂರು ವರ್ಷದ ವಾಡೆಯ ಕೆಳ ಅಂತಸ್ತನ್ನು ಅವಳು ಹೋದ ವರ್ಷ ಊಟದ ಹೋಟೆಲ್ ಮಾಡಿದ್ದಳು. ಸಾಗವಾನಿ ಕಂಬ, ತೂಗುಮಂಚ, ಪಡಸಾಲೆಯಲ್ಲಿ ಕೂತು ಉಣ್ಣಲು ಮಣೆಗಳು. ಕಡಕ್ ಭಾಕರಿ ಎಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿಗೆ ಪುಣೆಯಿಂದಲೂ ಜನ ಬರುತ್ತಿದ್ದರು. ಆ ಅಡುಗೆಮನೆಯ ಹಿಟ್ಟು, ಬೆಲ್ಲ, ಶೇಂಗಾ ಎಲ್ಲವನ್ನೂ ಹಿಂದಿನ ರಾತ್ರಿ ಯಾರೋ ಹಿತ್ತಲ ಬಾವಿಗೆ ಸುರಿದಿದ್ದರು. ಸಾಮಾನೂ ಹೋಯಿತು, ನೀರೂ ಕೆಟ್ಟಿತು.

"ಯಾರ ಮ್ಯಾಲ ಸಂಶಯ?"

"ಗುರಮ್ಮನ ಮ್ಯಾಲರಿ. ತಡವಳ ಹಳ್ಳಿಯಾಕಿ, ನಮ್ಮಲ್ಲಿ ಭಾಕರಿ ಬಡೀತಾಳ. ನಿನ್ನೆ ರಜಾ ಕೇಳಿದ್ಲು, ಕೊಡಲಿಲ್ಲ. ದೊಡ್ಡ ಜಗಳ-ಭಾಂಡಣ ಆತು. ಒಂದ ಕೀಲಿ ಆಕೀ ಕಡೇನ ಇರ್ತದ."

FIR ದಾಖಲಾಯಿತು. ಎಂಟು ಗಂಟೆಗೆ ಹವಾಲ್ದಾರ ಶಿವಶರಣ ಬಸ್ಸಿನಿಂದಿಳಿದ ಗುರಮ್ಮನನ್ನು ಕರೆತಂದ. ಅವಳು ಬೆಂಚಿನ ಮೇಲೂ ಕೂರಲಿಲ್ಲ.

"ರಜಾ ಯಾಕ ಬೇಕಿತ್ತು?"

"ಮಗಳ ಲಗ್ನ ಗೊತ್ತಾಗೇತ್ರಿ ಸಾಹೇಬ್ರ. ಸೀರಿ ತರಾಕ ಹೋಗೋದಿತ್ತು. ನನ್ನ ಠಾಣೇಕ ತಂದಾರಂತ ಬೀಗರಿಗೆ ಗೊತ್ತಾದ್ರ ಲಗ್ನಾನ ಮುರೀತದ್ರಿ. ನಾ ಅನ್ನ ಚೆಲ್ಲಾಕಿ ಅಲ್ರಿ."

ಎಲ್ಲರೂ ಹೀಗೇ ಅಳುತ್ತಾರೆ ಎಂದು ಶಿವಶರಣ ಗೊಣಗಿದ. ಕಾಂತೇಶ ಅವಳಿಗೆ ನೀರು ಕೊಡಿಸಿ ವಾಡೆಗೆ ಹೊರಟ.

ಒಂಬತ್ತು ಗಂಟೆಗೆ ಪಂಚರ ಎದುರು ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಕಾಂತೇಶ ಹಿಟ್ಟಿನ ಡಬ್ಬಿಯೊಳಗೆ ಇಣುಕಿದ. ತಳದಲ್ಲಿ ಒಂದು ಹಿಡಿ ಹಿಟ್ಟು. ಶೇಂಗಾದ ಡಬ್ಬಿಯಲ್ಲೂ ಒಂದು ಹಿಡಿ. ಬೇಳೆಯದರಲ್ಲೂ ಅಷ್ಟೇ.

"ಅವಸರದಾಗ ಉಳದಿರಬೇಕ್ರಿ," ಎಂದ ಶಿವಶರಣ.

"ಒಂದ ಡಬ್ಬಿ ಆದ್ರ ಅವಸರ. ಎಲ್ಲಾದ್ರಾಗೂ? ನಿಮ್ಮವ್ವ ಡಬ್ಬಿ ಬಳದು ಬರಿದು ಮಾಡತಾಳೇನು?"

"ಇಲ್ರಿ. ಹಂಗ ಮಾಡಿದ್ರ ಮನಿ ಲಕ್ಷ್ಮಿ ಹೊರಗ ಹೋಗ್ತಾಳಂತ ಬೈತಾಳ."

"ಸೇಡಿಗೆ ಬಂದಾಕಿ ಮಂದಿ ಮನಿ ಲಕ್ಷ್ಮಿ ಚಿಂತಿ ಮಾಡೂದಿಲ್ಲ. ಇದನ್ನ ತನ್ನ ಮನಿ ಅನ್ನಾಕಿ ಮಾಡ್ಯಾಳ."

ಮೇಲಿನ ಹಲಗೆಯ ಮೇಲೆ ಒಂದು ಭರಣಿ ಮಾತ್ರ ತುಂಬಿದಂತೆಯೇ ಇತ್ತು. ಮುಚ್ಚಳ ತೆಗೆದರೆ ಕಪ್ಪು ಮಸಾಲೆಯ ಘಾಟು ಮೂಗಿಗೆ ಬಡಿಯಿತು.

"ಇದನ್ನ ಯಾರು ಕುಟ್ಟತಾರ?"

"ನಮ್ಮ ನೆಗೆಣ್ಣಿ, ಭಾವನ ಹೆಂಡ್ತಿ ಮನೀಷಾ ವೈನಿ," ಎಂದಳು ಶೀತಲ. "ಭಾವಜೀ, ವೈನಿ ಮ್ಯಾಲಿನ ಮಾಳಗ್ಯಾಗ ಇರ್ತಾರ."

"ಎರಡನೇ ಕೀಲಿ?"

"ದೇವರ ಜಗಲಿ ಮ್ಯಾಲ. ಆದ್ರ ಸಾಹೇಬ್ರ, ಮನಿಯವ್ರು ಯಾಕ..." ಅವಳು ಮಾಳಿಗೆಯ ಮೆಟ್ಟಿಲ ಕಡೆ ತಿರುಗಿ ನೋಡಿದಳು.

ಕಾಂತೇಶ ಮಹಿಳಾ ಪೇದೆಯನ್ನು ಕರೆಸಿಕೊಂಡು ಮಾಳಿಗೆ ಹತ್ತಿದ. ಮನೀಷಾ ಒಲೆಯ ಮುಂದಿದ್ದಳು.

"ನಿನ್ನೆ ರಾತ್ರಿ ಕೆಳಗ ಇಳದಿದ್ರೇನು?"

"ಇಲ್ಲ."

"ಕೀಲಿ ಯಾರು ತಗೊಂಡಿದ್ರು?"

"ನನಗೇನು ಗೊತ್ರಿ?"

"ಠಾಣ್ಯಾಗ ಗುರಮ್ಮ ನಿಂತಾಳ. ನಾಳೆ ತಡವಳ ತುಂಬ ಸುದ್ದಿ ಆಗ್ತದ. ಆಕೀ ಮಗಳ ಲಗ್ನ ಉಳಿಯೂದಿಲ್ಲ."

ಮನೀಷಾ ಒಲೆ ಆರಿಸಿದಳು. "ಆಕಿನ್ನ ಬಿಡ್ರಿ. ನಾನ ಚೆಲ್ಲೀನಿ."

"ಮಸಾಲಿ ಯಾಕ ಬಿಟ್ರಿ?"

"ಅದು ನನ್ನ ಕೈಲೆ ಕುಟ್ಟಿದ್ದು. ಹ್ಯಾಂಗ ಚೆಲ್ಲಲಿ? ಇಪ್ಪತ್ತು ವರ್ಷ ಕೆಳಗಿನ ಒಲಿ ಮುಂದ ಕುಂತೀನಿ. ಛಂದ ಆಗೇತಿ ಅಂತ ಒಬ್ಬರೂ ಅಂದಿಲ್ಲ. ಆಕಿ ಬಂದು ಅದನ್ನ ತಾಟಿಗೆ ಹಾಕಿ ಮಾರಿದ್ಲು, ಪೇಪರದಾಗ ಆಕೀ ಫೋಟೋ ಬಂತು. ಹೊಟ್ಟಿ ಉರೀತಿತ್ತು, ತಡಕೊಂಡೆ. ಮೊನ್ನೆ ನಮ್ಮವರು ಗಿರಾಕಿ ಜೋಡಿ ಕುಂತು ಉಂಡ್ರು. 'ಶೀತಲ, ಇಂಥಾ ಎಣ್ಣೆಗಾಯಿ ಹುಟ್ಟಿದಾಗಿಂದ ಉಂಡಿಲ್ಲ' ಅಂದ್ರು. ನಾ ಮೆಟ್ಟಲ ಮ್ಯಾಲ ನಿಂತಿದ್ನಿ."

ಹನ್ನೊಂದೂ ಹತ್ತಕ್ಕೆ ಮಹಿಳಾ ಪೇದೆ ಅವಳನ್ನು ಬಂಧಿಸಿದಳು. ಶಿವಶರಣ ತಾನೇ ಗುರಮ್ಮನನ್ನು ಬಸ್ಸಿನವರೆಗೆ ಬಿಟ್ಟು ಬಂದ. ಬೀಗರು ಏನಾದರೂ ಕೇಳಿದರೆ ಠಾಣೆಗೆ ಫೋನ್ ಮಾಡಿಸು ಎಂದು ಕಾಂತೇಶ ಹೇಳಿ ಕಳಿಸಿದ್ದ.

ಮಧ್ಯಾಹ್ನ ಮನೀಷಾಳ ಗಂಡ ಶೈಲೇಶ ಠಾಣೆಗೆ ಬಂದ. ಜಾಮೀನಿನ ಮಾತೆತ್ತುವ ಮೊದಲೇ ಹೆಂಡತಿಯ ಮೇಲೆ ಹರಿಹಾಯ್ದ. "ನಿನಗ ಏನು ಕಡಿಮಿ ಮಾಡಿದ್ದೆ? ಮನಿ ಮಾನ ಕಳದಿ!"

ಮನೀಷಾ ಗೋಡೆಯ ಕಡೆ ನೋಡುತ್ತ ಕೂತಿದ್ದಳು.

ಕಾಂತೇಶನಿಗೆ ಸಿಟ್ಟು ಬಂತು. "ಶೈಲೇಶ ಅವ್ರ, ಮೊನ್ನೆ ನೀವು ಹೊಗಳಿದ ಎಣ್ಣೆಗಾಯಿ ಮಸಾಲಿ ಯಾರ ಕೈಲೆ ಕುಟ್ಟಿದ್ದು, ಗೊತ್ತದೇನು?"

"ಶೀತಲಂದಲ್ಲೇನ್ರಿ?" ಎಂದ ಶೈಲೇಶ.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನೀಷಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕೃತ್ಯಕ್ಕೆ ಕಾರಣ ನೆಗೆಣ್ಣಿಯ ಮೇಲಿನ ಮತ್ಸರ ಎಂದು ಕಾಂತೇಶ ವರದಿ ಬರೆದ. ಶೈಲೇಶನ ಮೇಲೆ ಹಾಕಲು ಅವನಿಗೆ ಕಾಯಿದೆಯ ಯಾವ ಕಲಮೂ ಸಿಗಲಿಲ್ಲ.