ಏಳನೆಯ ಟ್ಯೂಬು

ಏಳನೆಯ ಟ್ಯೂಬಿನಲ್ಲಿ ಸೊಳ್ಳೆ ಔಷಧಿ ಇರಲಿಲ್ಲ. ಅದನ್ನು ಕಾಲಿಗೆ ಹಚ್ಚಿಕೊಂಡು ಕೂರುವವಳಿಗೆ ಆ ವಿಷಯವನ್ನು ಯಾರೂ ಹೇಳಲಿಲ್ಲ.

ಕಂಪನಿ ಹೊಸ ಕ್ರೀಮು ಮಾಡಿತ್ತು. ಕಾಡು, ಹೊಳೆದಂಡೆ ಎಂದು ಹೋಗಿ ಡೇರೆ ಹಾಕಿ ಮಲಗುವವರಿಗಾಗಿ. ಎತ್ತರದಲ್ಲಿ, ಗಾಳಿಯಾಡುವ ಕಡೆ ಡೇರೆ ಹಾಕಿ. ನಿಂತ ನೀರಿನಿಂದ ದೂರವಿರಿ. ಹೊತ್ತು ಮುಳುಗುವ ಮೊದಲೇ ಮೈತುಂಬ ಬಟ್ಟೆ ತೊಡಿ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಇಷ್ಟನ್ನೂ ಡಬ್ಬಿಯ ಮೇಲೆ ಅಚ್ಚು ಹಾಕಿಸಿತ್ತು. ಕ್ರೀಮಿನ ಪರೀಕ್ಷೆಗೆ ಕೂಲಿ ಕೊಟ್ಟು ಕರೆತಂದವರ ಡೇರೆಗಳನ್ನು ಮಾತ್ರ ತಗ್ಗಿನಲ್ಲಿ, ಪಾಚಿಗಟ್ಟಿದ ಹಿನ್ನೀರಿನ ಅಂಚಿಗೇ ಹಾಕಿಸಿತ್ತು. ಸೊಳ್ಳೆ ಬೇಕಲ್ಲ.

ಸಂಜೆಯಾದರೆ ಡೇರೆಗಳ ಮುಂದೆ ಸಾಲಾಗಿ ಸ್ಟೂಲುಗಳು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಕ್ರೀಮು ಹಚ್ಚಿಕೊಂಡು ಕೂರುವವರು ಕೆಲವರು. ಅವರ ಕಾಲಿಗೆ ಬಂದು ಕೂರುವ ಸೊಳ್ಳೆಯನ್ನು ಹಿಡಿಯುವವರು ಕೆಲವರು. ಸೂಪರ್‌ವೈಸರನ ಬಾಯಲ್ಲಿ ಅವರ್ಯಾರೂ ಮನುಷ್ಯರಾಗಿರಲಿಲ್ಲ. ಕೂರುವವರು ‘ಕಾಲು’, ಹಿಡಿಯುವವರು ‘ಕೈ’.

ಅವಳು ಏಳನೆಯ ಕಾಲು.

ಮೊದಲ ಸಂಜೆ ಎದುರು ಬಂದು ಮಂಡಿಯೂರಿದ ಏಳನೆಯ ಕೈ ತಲೆ ಎತ್ತಲೇ ಇಲ್ಲ. ಕೈಯಲ್ಲಿ ಗಾಜಿನ ನಳಿಗೆ, ಅದಕ್ಕೊಂದು ರಬ್ಬರ್ ಕೊಳವೆ. ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಉಸಿರೆಳೆದರೆ ಕೂತ ಸೊಳ್ಳೆ ನಳಿಗೆಯ ಒಳಗೆ.

ಗುರುತು ಪರಿಚಯವಿಲ್ಲದ ಗಂಡಸು ತನ್ನ ಬರಿಗಾಲನ್ನು ಹೀಗೆ ಗೇಣು ದೂರದಿಂದ ನೋಡುವುದೆಂದರೆ... ಅವಳ ಕೈ ತಾನಾಗಿ ಪ್ಯಾಂಟಿನ ಮಡಿಕೆಯನ್ನು ಕೆಳಗೆಳೆಯಿತು.

“ಮಡಚಿರಬೇಕು,” ಎಂದ ಅವನು.

“ಗೊತ್ತು. ನೀವು ಸ್ವಲ್ಪ ಆ ಕಡೆ ನೋಡಿ.”

“ಆ ಕಡೆ ನೋಡಿದ್ರೆ ಈ ಕಡೆ ಸೊಳ್ಳೆ ಹೇಗೆ ಹಿಡೀಲಿ? ನಾನು ಕಾಲು ನೋಡಲ್ಲ, ಸೊಳ್ಳೆ ನೋಡ್ತೀನಿ.”

“ಸೊಳ್ಳೆ ಕಾಲ ಮೇಲೇ ತಾನೆ ಕೂರೋದು?”

ಅವನು ಗಂಭೀರವಾಗಿ ಯೋಚಿಸಿದ. “ಹೌದು. ಅದೊಂದು ತೊಂದರೆ ಇದೆ.”

ಪಕ್ಕದ ಸ್ಟೂಲಿನಲ್ಲಿ ಆರನೆಯ ಕಾಲಾಗಿ ಕೂತಿದ್ದವಳು ಅವಳ ಅಣ್ಣನ ಹೆಂಡತಿ. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಹೊರಗೆ ಬಂತು. “ಇರ್ಲಿ ಬಿಡು ಪುಟ್ಟಿ, ಪ್ರಾಮಾಣಿಕ ಮನುಷ್ಯ.”

ನಗು ಬಂದರೂ ಅವಳು ನಗಲಿಲ್ಲ. ನಗುವಷ್ಟು ಪುರಸೊತ್ತೂ ಇರಲಿಲ್ಲ. ಅತ್ತಿಗೆಯ ಕಾಲಿನತ್ತ ಒಂದೊಂದೇ ಸೊಳ್ಳೆ ಬಂದು, ಮೂಸಿದಂತೆ ಮಾಡಿ ಹಿಂದಿರುಗುತ್ತಿತ್ತು. ಇವಳ ಕಾಲಿಗೆ ಮಾತ್ರ ಹಿಂಡುಹಿಂಡಾಗಿ ಇಳಿಯುತ್ತಿತ್ತು.

“ನಿಮ್ಮ ರಕ್ತ ಸಿಹಿ ಇರ್ಬೇಕು,” ಎಂದು ಸೂಪರ್‌ವೈಸರ್ ನಕ್ಕು ಮುಂದೆ ಹೋದ.

ಅವಳು ಅದನ್ನೇ ನಂಬಿದಳು. ತನ್ನ ಮೈಯದೇ ದೋಷ. ಬೇರೆಯವರಿಗೆ ಹಿಡಿಯುವ ಔಷಧಿ ತನಗೆ ಹಿಡಿಯುವುದಿಲ್ಲ, ಅಷ್ಟೆ. ಬಡವರಿಗೆ ತಮ್ಮ ಮೈಯನ್ನೇ ದೂರುವುದು ಬಲು ಬೇಗ ಅಭ್ಯಾಸವಾಗುತ್ತದೆ.

ಏಳನೆಯ ಕೈ ಮಾತ್ರ ನಗಲಿಲ್ಲ. ಅವನ ಉಸಿರು ಸೊಳ್ಳೆಗಿಂತ ಚುರುಕಾಗಿತ್ತು. ಸೊಳ್ಳೆ ಕಾಲೂರುವಷ್ಟರಲ್ಲಿ ನಳಿಗೆಯೊಳಗಿರುತ್ತಿತ್ತು.

“ಏಳನೇ ಕೈ, ಅಷ್ಟು ಅವಸರ ಬೇಡ,” ಎಂದು ಸೂಪರ್‌ವೈಸರ್ ಗದರಿದ. “ಅದು ಕೂತು ಸೂಜಿ ಇಳಿಸ್ಲಿ. ಆಮೇಲೆ ಹಿಡೀರಿ.”

“ಆಯ್ತು ಸರ್,” ಎಂದ. ಮರುಕ್ಷಣ, ಸೂಜಿ ಇಳಿಸುವ ಮೊದಲೇ ಇನ್ನೊಂದನ್ನು ಹಿಡಿದ.

ಅವಳು ಅದನ್ನು ನೋಡಿದಳು.

“ನಿಮ್ಮ ಕೈ ನಡುಗೋದೇ ಇಲ್ವಲ್ಲ. ಮೊದಲು ಏನ್ ಕೆಲಸ ಮಾಡ್ತಿದ್ರಿ?”

“ಗಡಿಯಾರ ರಿಪೇರಿ. ಈಗ ಟೈಮ್ ನೋಡೋಕೆ ಜನ ಫೋನ್ ತೆಗೀತಾರೆ. ಅಂಗಡಿ ಮುಚ್ಚಿದೆ. ನೀವು?”

“ಡೇರೆಗಳಿಗೆ ಜಿಪ್ಪು ಹೊಲೀತಿದ್ದೆ. ಡೇರೆ ಒಳಗೆ ಮಲಗಿದ್ದು ಇದೇ ಮೊದಲು.”

ಅಂದಿನಿಂದ ಅವನು ಅವಳಿಗೆ ‘ಗಡಿಯಾರದವರು’, ಅವಳು ಅವನಿಗೆ ‘ಹೊಲಿಗೆಯವರು’. ಕಾಲು, ಕೈ ಎನ್ನುವುದಕ್ಕಿಂತ ವಾಸಿ.

ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಇದ್ದಕ್ಕಿದ್ದಂತೆ ಸೊಳ್ಳೆಗಳು ಅವಳನ್ನು ಬಿಟ್ಟುಬಿಟ್ಟವು.

ಎಂದಿನಂತೆ ಅವನು ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಅವಳ ಅಂಗೈಗೆ ಕ್ರೀಮು ಹಿಂಡಿದ್ದ. ಎಂದಿನಂತೆ ಅವಳು ಹಚ್ಚಿಕೊಂಡಿದ್ದಳು. ಮೂಗಿಗೆ ಅಡರುವ ಖಾರವಾದ ವಾಸನೆ ಮಾತ್ರ ಹೊಸದು. ಸೊಳ್ಳೆಗಳು ಬಂದವು, ಸುತ್ತಿದವು, ಹೋದವು. ಅವಳು ಮೊದಲ ಬಾರಿಗೆ ಹಿನ್ನೀರಿನ ಮೇಲೆ ಬಣ್ಣ ಮಾಸುವ ಆಕಾಶವನ್ನು ನೋಡಿದಳು. ಚೆನ್ನಾಗಿತ್ತು.

“ಕೊನೆಗೂ ನನ್ನ ಮೈಗೆ ಔಷಧಿ ಹಿಡೀತು ನೋಡಿ, ಗಡಿಯಾರದವರೇ.”

“ಹೂಂ,” ಎಂದು ಅವನು ಕತ್ತು ಕೆರೆದುಕೊಂಡ.

ಹಾಗೆ ಎರಡು ವಾರ. ಹಿಡಿಯಲು ಸೊಳ್ಳೆಯಿಲ್ಲದ ಸಂಜೆಗಳಲ್ಲಿ ಮಾತು ಬೆಳೆಯಿತು. ನಿಂತ ಗಡಿಯಾರವನ್ನು ಅಲುಗಾಡಿಸಬಾರದು, ಹಿಂಬದಿ ತೆಗೆದು ಸುಮ್ಮನೆ ಸ್ವಲ್ಪ ಹೊತ್ತು ನೋಡಬೇಕು ಎಂದು ಅವನು ಹೇಳಿದ. ಹಲ್ಲು ತಪ್ಪಿದ ಜಿಪ್ಪನ್ನೂ ಅಷ್ಟೇ, ಎಳೆದಾಡಬಾರದು ಎಂದು ಅವಳು ಹೇಳಿದಳು.

“ಗಡಿಯಾರದವನಿಗೆ ಟೈಮ್ ಎಲ್ಲಾ ನಿನ್ನ ಮುಖದಲ್ಲೇ ಕಾಣತ್ತೆ,” ಎಂದಳು ಅತ್ತಿಗೆ.

“ಸುಮ್ನಿರಿ ಅತ್ತಿಗೆ.”

ಸುಮ್ಮನಿರು ಎಂದದ್ದು ಅತ್ತಿಗೆಗೋ, ತನ್ನ ಎದೆಗೋ... ಅವಳಿಗೇ ತಿಳಿಯಲಿಲ್ಲ.

ಅವನ ಚೀಲದ ಹೊಲಿಗೆ ಬಿಟ್ಟಿತ್ತು. “ಕೊಡಿ, ಒಂದು ಗಳಿಗೆ ಕೆಲಸ,” ಎಂದು ಒಂದು ಮಧ್ಯಾಹ್ನ ಅವಳೇ ಇಸಿದುಕೊಂಡಳು. ಡೇರೆಯ ಬಾಗಿಲಲ್ಲಿ ಕೂತು ಚೀಲವನ್ನು ಒಳಮೇಲು ಮಾಡಿದಾಗ ಒಂದು ಟ್ಯೂಬು ಮಡಿಲಿಗೆ ಬಿತ್ತು. ಅದರ ಮೇಲೆ ದಪ್ಪಗೆ ಬರೆದಿತ್ತು: ಏಳು.

ಅವಳು ಮುಚ್ಚಳ ತೆಗೆದಳು. ಖಾರದ ವಾಸನೆಯಿಲ್ಲ. ಯಾವ ವಾಸನೆಯೂ ಇಲ್ಲ. ಬೆರಳಿಗೆ ಹಿಂಡಿ ಮೊಣಕೈಗೆ ಸವರಿ, ಹೊತ್ತಿಳಿಯುತ್ತಿದ್ದಂತೆ ನೀರಂಚಿಗೆ ಹೋಗಿ ನಿಂತಳು. ಸೊಳ್ಳೆಗಳು ತವರಿಗೆ ಬಂದಂತೆ ಬಂದು ಕೂತವು.

ಮೊದಲ ಸಂಜೆಯಿಂದ ತನಗೆ ಕೊಟ್ಟದ್ದು ಇದೇ. ಕೊಟ್ಟವನು ಇವನೇ. ಈಗ ಬಚ್ಚಿಟ್ಟವನೂ ಇವನೇ...

ಅವನು ಚೀಲಕ್ಕಾಗಿ ಬಂದಾಗ ಅವಳು ಟ್ಯೂಬನ್ನು ಮುಂದೆ ಹಿಡಿದಳು.

“ಇದರಲ್ಲಿ ಔಷಧಿ ಇಲ್ಲ.”

ಅವನು ಟ್ಯೂಬಿನ ಮೇಲಿನ ಏಳನ್ನು ನೋಡಿದ.

“ನಿಮಗೆ ಗೊತ್ತಿತ್ತಾ?”

“ಮೊದಲು ಗೊತ್ತಿರಲಿಲ್ಲ. ಅಷ್ಟೊಂದು ಸೊಳ್ಳೆ ಬರೋದು ನೋಡಿ ಗೊತ್ತಾಯ್ತು.”

“ಯಾವಾಗ?”

“ಎರಡು ವಾರದ ಕೆಳಗೆ.”

“ಎರಡು ವಾರ ನನ್ನ ಎದುರು ಕೂತು ಗಡಿಯಾರದ ಕಥೆ ಹೇಳಿದ್ರಿ. ಇದನ್ನ ಹೇಳಲಿಲ್ಲ.”

“ಹೇಳಿದ್ರೆ ನೀವು ಅವತ್ತೇ ಹೊರಟುಬಿಡ್ತೀರಿ ಅಂತ...”

“ಹೊರಡೋದು ಬಿಡೋದು ನನ್ನ ಕಾಲಿಗೆ ಬಿಟ್ಟಿದ್ದಲ್ವಾ? ಅವರೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ನಿಮಗೂ ಅವರಿಗೂ ಏನ್ ವ್ಯತ್ಯಾಸ?”

ಅವಳು ಡೇರೆಯೊಳಗೆ ಹೋಗಿ ಜಿಪ್ಪು ಎಳೆದುಕೊಂಡಳು.

ಆ ಸಂಜೆ ಅವಳು ಹೊರಗೆ ಬರಲಿಲ್ಲ, ತಲೆನೋವು ಎಂದಳು. ಹೊರಟೇ ಹೋಗೋಣ ಎಂದು ಅತ್ತಿಗೆಗೆ ಹೇಳಬೇಕೆಂದು ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಮಾರನೆಯ ಸಂಜೆ, ಅವನ ಮುಖಕ್ಕೆ ಇನ್ನೊಂದು ಮಾತು ಹೇಳಿಯೇ ಹೊರಡಬೇಕೆಂದು ಬಂದು ಕೂತಳು. ಎದುರು ಬಂದವನು ಬೇರೆ ಯಾರೋ. ಅಂಗೈಗೆ ಬಿದ್ದ ಕ್ರೀಮಿಗೆ ವಾಸನೆ ಇರಲಿಲ್ಲ. ಅವಳು ಅದನ್ನು ಹಚ್ಚಿಕೊಳ್ಳದೆ ನೆಲಕ್ಕೆ ಒರೆಸಿದಳು.

ಆಗ ಹೊಳೆಯಿತು. ಹಾಗಾದರೆ... ಎರಡು ವಾರ ತಾನು ಕಾಲಿಗೆ ಹಚ್ಚಿಕೊಂಡ ಖಾರದ ಕ್ರೀಮು ಯಾರದು?

ಹಿಡಿಯುವವರಿಗೂ ತಮ್ಮ ಕೈ, ಕತ್ತಿಗೆ ಹಚ್ಚಿಕೊಳ್ಳಲು ಒಂದೊಂದು ಟ್ಯೂಬು ಕೊಡುತ್ತಿದ್ದರು. ನಂಬರಿಲ್ಲದ್ದು. ಅಸಲಿ ಔಷಧಿ ಇರುವಂಥದ್ದು.

“ಅತ್ತಿಗೆ, ಗಡಿಯಾರದವರು ಎಲ್ಲಿ?”

“ನಿನ್ನ ಗಡಿಯಾರ ನಿಂತಿದೆ ಕಣೇ,” ಎಂದಳು ಅತ್ತಿಗೆ. ಈ ಸಲ ತಮಾಷೆ ಇರಲಿಲ್ಲ. “ನಿನ್ನೆಯಿಂದ ಜ್ವರ. ಕತ್ತು, ಕೈಯೆಲ್ಲ ಸೊಳ್ಳೆ ತಿಂದುಹಾಕಿದೆ. ಔಷಧಿ ಮಾಡೋ ಕಂಪನಿಯಲ್ಲಿ ಒಂದು ಮಾತ್ರೆ ಕೊಡೋರಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.”

ಅವಳು ಸೂಜಿ ದಾರ ತೆಗೆದುಕೊಂಡು ಅವನ ಡೇರೆಗೆ ನಡೆದಳು.

ಅವನು ಪರದೆಯೊಳಗೆ ಮುದುಡಿ ಮಲಗಿದ್ದ. ಪರದೆಯಲ್ಲಿ ಬೆರಳು ತೂರುವಷ್ಟು ತೂತುಗಳು. ಒಂದೆರಡು ಸೊಳ್ಳೆ ಒಳಗೆ ಸೇರಿ ಹೊಟ್ಟೆ ಕೆಂಪಾಗಿ ಕೂತಿದ್ದವು. ಅವಳು ಕೈ ತೂರಿಸಿ ಅವುಗಳನ್ನು ಹೊಸಕಿದಳು. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದಳು. ಹೊರಗೇ ಕೂತು ಮೊದಲ ತೂತನ್ನು ಹೊಲಿಯತೊಡಗಿದಳು.

ಅವನು ಕಣ್ಣು ಬಿಟ್ಟ. “ಹೊಲಿಗೆಯವರೇ... ಇಲ್ಯಾಕೆ ಬಂದ್ರಿ?”

“ತೂತು ಮುಚ್ಚೋಕೆ.”

ಅವಳು ಎರಡನೆಯ ತೂತಿಗೆ ಸೂಜಿ ಇಳಿಸಿದಳು.

“ನನ್ನ ಟ್ಯೂಬು ನೀವು ಇಟ್ಕೊಂಡ್ರಿ. ನಿಮ್ಮದು ನನಗೆ ಕೊಟ್ರಿ.”

“ಹೂಂ. ಲೆಕ್ಕಕ್ಕೆ ಬೇಕಾದ ಸೊಳ್ಳೇನ ರಾತ್ರಿ ನನ್ನ ಕೈಮೇಲೇ ಹಿಡಿದು ಕೊಟ್ಟೆ.”

“ಯಾಕೆ?”

“ನಿಮ್ಮ ಕಾಲ ಮೇಲೆ ಇನ್ನೊಂದು ಸೊಳ್ಳೆ ಕೂರೋದನ್ನ ನೋಡೋಕಾಗ್ಲಿಲ್ಲ.” ಅವನು ಒಣಗಿದ ತುಟಿ ಸವರಿಕೊಂಡ. “ಮೊದಲ ದಿನ ಸುಳ್ಳು ಹೇಳಿದ್ದೆ. ಬರೀ ಸೊಳ್ಳೆ ನೋಡ್ತಿರಲಿಲ್ಲ.”

ಸೂಜಿ ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಕಣ್ಣು ತುಂಬಿದ್ದು ಅದಕ್ಕೇ ಎಂದುಕೊಳ್ಳಲು ಅನುಕೂಲವಾಯಿತು.

“ನನಗೂ ನೀವು ಬೇಕು, ಗಡಿಯಾರದವರೇ. ಆದರೆ ಸಿಟ್ಟು ಹೋಗಿಲ್ಲ. ಮೋಸದಿಂದ ಕಚ್ಚಿಸಿದ್ರು ಅವರು, ಮುಚ್ಚಿಟ್ಟು ಕಾಪಾಡಿದ್ರಿ ನೀವು. ಎರಡರಲ್ಲೂ ನನ್ನನ್ನ ಯಾರೂ ಕೇಳಲಿಲ್ಲ.”

“ತಪ್ಪಾಯ್ತು.”

“ಇನ್ಮೇಲೆ ನನ್ನ ವಿಷಯ ಏನೇ ಇದ್ರೂ ಮೊದಲು ನನ್ನನ್ನ ಕೇಳಬೇಕು.”

“ಕೇಳ್ತೀನಿ.”

ಡೇರೆಯ ಬಾಗಿಲಿಗೆ ಸೂಪರ್‌ವೈಸರನ ನೆರಳು ಬಿತ್ತು.

“ಏಳನೇ ಕಾಲು, ಹೊತ್ತು ಮುಳುಗ್ತಿದೆ. ಹೋಗಿ ಕೂತ್ಕೊಳ್ಳಿ.”

ಅವಳು ದಾರ ಕಡಿದು ಎದ್ದು ಹೊರಗೆ ಬಂದಳು. ಎಲ್ಲರ ಕಣ್ಣೆದುರು ಬಗ್ಗಿ, ಪ್ಯಾಂಟಿನ ಮಡಿಕೆಯನ್ನು ಪಾದದವರೆಗೆ ಬಿಚ್ಚಿದಳು.

“ನನ್ನ ಟ್ಯೂಬಲ್ಲಿ ಔಷಧಿ ಇಲ್ಲ ಅಂತ ಯಾಕೆ ಹೇಳಲಿಲ್ಲ ಸರ್?”

ಸಾಲಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಸೂಪರ್‌ವೈಸರ್ ದನಿ ತಗ್ಗಿಸಿದ. “ನೋಡಮ್ಮ, ಪರೀಕ್ಷೆ ಅಂದ್ರೆ ಹಾಗೇನೇ. ಔಷಧಿ ಇಲ್ದೆ ಒಬ್ಬರು ಕೂರಲೇಬೇಕು. ಇಲ್ಲದಿದ್ರೆ ಔಷಧಿ ಕೆಲಸ ಮಾಡತ್ತೆ ಅಂತ ಹೇಗೆ ಗೊತ್ತಾಗತ್ತೆ?”

“ಇರಬಹುದು. ಒಬ್ಬರು ಕೂರಬೇಕಿತ್ತು ಅಂದ್ರೆ ಕೇಳಬೇಕಿತ್ತು. ಕೇಳಿದ್ರೆ ಕೂರ್ತಿದ್ನೋ ಏನೋ. ನೀವು ರಕ್ತ ಸಿಹಿ ಅಂದ್ರಿ.”

“ಸರಿ, ಈಗ ಗೊತ್ತಾಯ್ತಲ್ಲ. ಕೂತ್ಕೊಳ್ಳಿ.”

“ಮೊದಲು ಜೀಪ್ ತರ್ಸಿ. ಒಳಗಿರೋರು ಆಸ್ಪತ್ರೆಗೆ ಹೋಗಬೇಕು.”

“ಜೀಪು ನಾಳೆ ಬರೋ ಸಾಹೇಬರಿಗೆ ಇಟ್ಟಿರೋದು.”

ಅತ್ತಿಗೆ ಸ್ಟೂಲಿನಿಂದ ಎದ್ದಳು. ತನ್ನ ಪ್ಯಾಂಟಿನ ಮಡಿಕೆಯನ್ನೂ ಇಳಿಸಿದಳು. “ಹಾಗಾದ್ರೆ ನಾಳೆ ಸಾಹೇಬರೇ ಬಂದು ಕೂತ್ಕೊಳ್ಳಲಿ. ಅವರ ರಕ್ತ ಇನ್ನೂ ಸಿಹಿ ಇರತ್ತೆ.”

ಯಾರೋ ನಕ್ಕರು. ಆಮೇಲೆ ಸಾಲಿನುದ್ದಕ್ಕೂ ಬಟ್ಟೆ ಬಿಚ್ಚಿಕೊಳ್ಳುವ ಸಣ್ಣ ಸದ್ದು. ಒಂದು ಕಾಲೂ ಬರಿದಾಗಿ ಉಳಿಯಲಿಲ್ಲ. ಹಿಡಿಯುವವರು ನಳಿಗೆಗಳನ್ನು ನೆಲಕ್ಕಿಟ್ಟು ಎದ್ದು ನಿಂತರು. ಸೂಪರ್‌ವೈಸರ್ ಒಬ್ಬೊಬ್ಬರ ಮುಖ ನೋಡಿದ. ಬಹುಶಃ ಅವರಿಗೆ ಮುಖಗಳಿರುವುದನ್ನು ಅವನು ಕಂಡದ್ದು ಅದೇ ಮೊದಲು.

ಜೀಪು ಬಂತು.

ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವಳು ಹೊಲಿದ ಪರದೆಯನ್ನು ಬಿಚ್ಚಿ ತಂದು ಅವನ ಮೇಲೆ ಹೊದಿಸಿದಳು. ಅವನ ಕೈ ಮೊದಲ ಸಲ ನಡುಗುತ್ತಿತ್ತು. ಅವಳು ಅದನ್ನು ಹಿಡಿದುಕೊಂಡಳು.

“ನೀವು ಅತ್ತಿಗೆ ಜೊತೆ ಮನೆಗೆ ಹೊರಡಿ,” ಎಂದ ಅವನು. “ಆಸ್ಪತ್ರೆಯಲ್ಲಿ ಎಷ್ಟು ದಿನವೋ ಏನೋ. ನೀವು ಇಲ್ಲಿರೋದು ಬೇಡ.”

ಅವಳು ಹುಬ್ಬು ಗಂಟಿಕ್ಕಿದಳು. “ಈಗ ತಾನೆ ಏನ್ ಮಾತಾಯ್ತು?”

ಅವನು ಕಣ್ಣು ಮುಚ್ಚಿ ತೆರೆದ. ಜ್ವರದ ಮುಖದಲ್ಲಿ ನಗುವಿನ ಒಂದು ಗೆರೆ ಮೂಡಿತು.

“ಸರಿ. ಕೇಳ್ತೀನಿ. ಮನೆಗೆ ಹೋಗ್ತೀರಾ?”

“ಹೋಗಲ್ಲ,” ಎಂದು ಅವಳು ಜೀಪು ಹತ್ತಿದಳು.